ಸಕ್ಕರೆಯನ್ನು ತೊರೆದ ಮನೆಗಳು: ಥಾಮಸ್ ಕ್ಲಾರ್ಕ್‌ಸನ್

ಮನುಷ್ಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಗುಲಾಮರನ್ನಾಗಿಸುವುದು ನ್ಯಾಯವೇ? 1785ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಲ್ಯಾಟಿನ್ ಪ್ರಬಂಧಸ್ಪರ್ಧೆಗೆ ಕೊಟ್ಟ ವಿಷಯವಿದು. ಇಪ್ಪತ್ತೈದರ ಹರೆಯದ ಥಾಮಸ್ ಕ್ಲಾರ್ಕ್‌ಸನ್ ಕೀರ್ತಿಯ ಆಸೆಯಿಂದಲೇ ಲೇಖನಿ ಹಿಡಿದನು, ಬಹುಮಾನವೂ ಬಂದಿತು. ಆದರೆ ಬರೆಯಲೆಂದು ಓದಿದ ಸಂಗತಿಗಳು ಆತನನ್ನು ಬಿಡಲಿಲ್ಲ. ಲಂಡನ್ನಿನ ದಾರಿಯಲ್ಲಿ, ವೇಡ್ಸ್‌ಮಿಲ್ ಎಂಬ ಊರಿನ ಬಳಿ, ಕುದುರೆಯಿಂದಿಳಿದು ದಾರಿಯ ಬದಿಯಲ್ಲಿ ಕುಳಿತುಬಿಟ್ಟನು. ತಾನು ಬರೆದುದು ದಿಟವಾದರೆ ಯಾರಾದರೊಬ್ಬರು ಇದನ್ನು ಕೊನೆಗಾಣಿಸಲೇಬೇಕೆಂದು ಆತನಿಗೆ ತೋರಿತು. ಪಾದ್ರಿಯಾಗಲು ಹೊರಟಿದ್ದವನ ಬಾಳು ಅಲ್ಲಿಗೆ ಬೇರೆ ಹಾದಿ ಹಿಡಿಯಿತು.

1787ರಲ್ಲಿ ಹನ್ನೆರಡು ಮಂದಿಯ ಒಂದು ಸಮಿತಿ ಲಂಡನ್ನಿನಲ್ಲಿ ಸೇರಿತು. ಸಾಕ್ಷ್ಯ ಸಂಗ್ರಹಿಸುವ ಹೊಣೆ ಕ್ಲಾರ್ಕ್‌ಸನ್ನನದಾಯಿತು. ಏಳು ವರ್ಷಗಳಲ್ಲಿ ಸುಮಾರು 35,000 ಮೈಲಿ ಸಂಚರಿಸಿ, ಬಂದರುಗಳಲ್ಲಿ ನಾವಿಕರನ್ನು ವಿಚಾರಿಸಿದನು. ಲಿವರ್‌ಪೂಲಿನ ಅಂಗಡಿಯೊಂದರಲ್ಲಿ ಕೈಕೋಳಗಳನ್ನೂ ಹೆಬ್ಬೆರಳನ್ನು ಹಿಂಡುವ ತಿರುಪನ್ನೂ ಕೊಂಡು ತಂದನು. ಅದೇ ಊರಿನ ಹಡಗುಕಟ್ಟೆಯಲ್ಲಿ ಆತನನ್ನು ಸಮುದ್ರಕ್ಕೆ ನೂಕಲು ಕೆಲವರು ಯತ್ನಿಸಿದರು.

ಆದರೂ 1791ರಲ್ಲಿ ಪಾರ್ಲಿಮೆಂಟು ಗುಲಾಮವ್ಯಾಪಾರ ನಿಷೇಧದ ಮಸೂದೆಯನ್ನು ತಳ್ಳಿಹಾಕಿತು. ಶಾಸನ ಮಾಡದಿದ್ದುದನ್ನು ಮನೆಗಳು ಮಾಡತೊಡಗಿದುದು ಆಗ. ಗುಲಾಮರು ಬೆಳೆದ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಬಿಡಬೇಕೆಂದು ವಿಲಿಯಂ ಫಾಕ್ಸ್ ಬರೆದ ಕಿರುಹೊತ್ತಗೆ ಊರೂರಿಗೂ ಹರಡಿತು. ಕೊಳ್ಳುವವನಿಲ್ಲದೆ ವರ್ತಕನಿಲ್ಲ, ಆದುದರಿಂದ ಕೊಳ್ಳುವವನೂ ಅಪರಾಧದ ಪಾಲುಗಾರನೇ ಎಂಬುದು ಅದರ ವಾದ. ಗೃಹಿಣಿಯರು ಸಕ್ಕರೆಯಿಲ್ಲದೆ ಚಹಾ ಕೊಟ್ಟರು. ಕೆಲವರು ಭಾರತದಿಂದ ಬಂದ ಸಕ್ಕರೆಯನ್ನು ಕೊಂಡರು. ಹೀಗೆ ತೊರೆದವರು ಮೂರು ಲಕ್ಷವಿರಬಹುದೆಂದು ಸ್ವತಃ ಊರೂರು ತಿರುಗಿದ ಕ್ಲಾರ್ಕ್‌ಸನ್ ಅಂದಾಜು ಮಾಡಿದನು.

1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಮೊದಲಾಯಿತು. ಸುಧಾರಣೆಯ ಮಾತೆಲ್ಲ ಶತ್ರುವಿನ ಕ್ರಾಂತಿಯ ಮಾತೆಂಬ ಶಂಕೆ ಹುಟ್ಟಿತು, ಚಳವಳಿ ಕುಗ್ಗಿತು. ಹಣವೂ ಆರೋಗ್ಯವೂ ಸವೆದ ಕ್ಲಾರ್ಕ್‌ಸನ್ 1794ರಲ್ಲಿ ಹಿಂದೆ ಸರಿದನು. ಹತ್ತು ವರ್ಷಗಳ ಬಳಿಕ ಆತನು ಮರಳಿದಾಗ ಅದೇ ಯುದ್ಧವು ಇನ್ನೊಂದು ಬಾಗಿಲನ್ನು ತೆರೆಯಿತು. ದೇಶಭಕ್ತಿಯನ್ನು ಸಾರುತ್ತಿದ್ದ ವರ್ತಕರಲ್ಲಿಯೇ ಕೆಲವರು ಪರದೇಶದ ಧ್ವಜದ ಮರೆಯಲ್ಲಿ ಶತ್ರುವಿನ ವಸಾಹತುಗಳಿಗೆ ಗುಲಾಮರನ್ನು ಒದಗಿಸುತ್ತಿದ್ದರು. ನ್ಯಾಯವಾದಿ ಜೇಮ್ಸ್ ಸ್ಟೀಫನ್ನನ ಉಪಾಯದಂತೆ 1806ರ ಶಾಸನವು ಪರದೇಶಗಳ ವಸಾಹತುಗಳಿಗೆ ಗುಲಾಮರನ್ನು ಸಾಗಿಸುವುದನ್ನು ತಡೆಯಿತು. ಮರುವರ್ಷ ಆ ವ್ಯಾಪಾರವೇ ನಿಷಿದ್ಧವಾಯಿತು.

ಕರುಣೆಗೆ ಮಣಿಯದ ಸಭೆ ಶತ್ರುವಿನ ಲಾಭವೆಂದೊಡನೆ ಮಣಿಯಿತು. ಹಾಗಾದರೆ ಸಕ್ಕರೆ ತೊರೆದವರ ವ್ರತ ವ್ಯರ್ಥವಾಯಿತೇ? ಗುಲಾಮಗಿರಿ ಇನ್ನೂ ಉಳಿದಿದ್ದ 1820ರ ದಶಕದಲ್ಲಿ ಎಲಿಜಬೆತ್ ಹೇರಿಕ್ ಮೊದಲಾದ ಸ್ತ್ರೀಯರು ಅದೇ ವ್ರತವನ್ನು ಮತ್ತೆ ಕೈಗೊಂಡರು. 1833ರಲ್ಲಿ ಅದನ್ನು ರದ್ದುಪಡಿಸುವ ಶಾಸನವಾಯಿತು. ಅದನ್ನು ಕಣ್ಣಾರೆ ಕಂಡ ಕ್ಲಾರ್ಕ್‌ಸನ್ 1846ರಲ್ಲಿ ತೀರಿಕೊಂಡನು. ದೂರದ ದ್ವೀಪದ ಕಣ್ಣೀರಿಗೂ ತನ್ನ ಬಟ್ಟಲಿಗೂ ಸಂಬಂಧವಿದೆಯೆಂದು ಒಮ್ಮೆ ಅರಿತ ಮನೆ ಅದನ್ನು ಸುಲಭವಾಗಿ ಮರೆಯಲಾರದು.