ರಾಜರಿಗೆ ಅಕ್ಷರ ಕೆತ್ತಿದ ಬೊಡೋನಿ ಮತ್ತು ಹೆಸರಿಲ್ಲದ ಅಥಣಿ ಚಪ್ಪಲಿ

2025ರ ಜೂನ್‌ನಲ್ಲಿ ಮಿಲಾನ್ ಫ್ಯಾಷನ್ ಶೋದಲ್ಲಿ ಪ್ರಾಡಾ ತೋರಿಸಿದ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ ಕಡೆಯವರಿಗೆ ಯಾರೂ ಪರಿಚಯಿಸಬೇಕಿರಲಿಲ್ಲ. ಕೊಲ್ಹಾಪುರಿ ಅಂತ ಜಗತ್ತು ಕರೆಯೋ ಈ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲೂ ತಲೆಮಾರುಗಳಿಂದ ಹೊಲಿಯುತ್ತಾರೆ. 2019ರ ಜಿಐ ಟ್ಯಾಗ್‌ನಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಕರ್ನಾಟಕದ 4 ಜಿಲ್ಲೆಗಳೂ ಇವೆ. ಗಲಾಟೆ ಆದ ಮೇಲಷ್ಟೇ ಕಂಪನಿ ಇದರ ಮೂಲ ಭಾರತದ್ದು ಅಂತ ಒಪ್ಪಿಕೊಂಡಿತು.

ಆಗ ಎಲ್ಲರೂ ಚರ್ಮದ ಬಗ್ಗೆ ಮಾತಾಡಿದರು. ನಾನು ಅಕ್ಷರದ ಬಗ್ಗೆ ಮಾತಾಡ್ತೀನಿ. ಒಂದು ವಸ್ತು ದುಬಾರಿ ಅಂತ ನಮಗೆ ಮೊದಲು ಹೇಳೋದು ಅದರ ಮೇಲಿನ ಅಕ್ಷರ. ನಿಂತ ಗೆರೆ ದಪ್ಪ, ಅಡ್ಡ ಗೆರೆ ಕೂದಲೆಳೆ, ತುದಿಯಲ್ಲಿ ಚಪ್ಪಟೆಯಾದ ತೆಳು ಸೆರಿಫ್. ವೋಗ್ ಪತ್ರಿಕೆಯ ಹೆಸರು ಈ ಜಾತಿಯದ್ದು. ಕಾಗವಾಡದಿಂದ ಚಿಕ್ಕೋಡಿವರೆಗೆ ಚಿನ್ನದಂಗಡಿ, ಸೀರೆ ಅಂಗಡಿಗಳ ಇಂಗ್ಲಿಷ್ ಬೋರ್ಡಲ್ಲೂ ಇದರ ನೆಂಟರು ಸಿಗ್ತಾರೆ. ಈ ಅಕ್ಷರಕ್ಕೆ ರೂಪ ಕೊಟ್ಟವರಲ್ಲಿ ಇಬ್ಬರು ದೊಡ್ಡವರು. ಒಬ್ಬ ಪ್ಯಾರಿಸ್ಸಿನ ದಿದೋ, ಇನ್ನೊಬ್ಬ ಇಟಲಿಯ ಜಾಂಬಾಟಿಸ್ಟಾ ಬೊಡೋನಿ.

ಬೊಡೋನಿ ಹುಟ್ಟಿದ್ದು 1740ರಲ್ಲಿ, ಪೀಡ್‌ಮಾಂಟ್ ಸೀಮೆಯ ಸಲುಟ್ಸೋ ಊರಲ್ಲಿ. ಅಪ್ಪ ಪ್ರೆಸ್ ಇಟ್ಟಿದ್ದವನು. ಮಗ 18ರ ವಯಸ್ಸಿಗೆ ರೋಮ್‌ಗೆ ಹೋಗಿ ಪ್ರೊಪಗಾಂಡಾ ಫಿದೆ ಅನ್ನೋ ಕ್ಯಾಥೊಲಿಕ್ ಪ್ರೆಸ್ಸಿನಲ್ಲಿ ಮೊಳೆ ಜೋಡಿಸೋ ಕೆಲಸಕ್ಕೆ ಸೇರಿದ. ಜಗತ್ತಿನ ಎಲ್ಲ ಭಾಷೆಗಳಲ್ಲಿ ಧರ್ಮ ಪ್ರಚಾರ ಮಾಡಲು ಇದ್ದ ಪ್ರೆಸ್ ಅದು. ಹಳೆಯ ಪೂರ್ವದೇಶಗಳ ಲಿಪಿಗಳ ಅಚ್ಚುಗಳು ಅಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದವು. ಅವನ್ನು ತೊಳೆದು, ಬೇರ್ಪಡಿಸಿ ಜೋಡಿಸಿಟ್ಟವನು ಈ ಹುಡುಗ. ಅವನು 1766ರಲ್ಲಿ ಕೆಲಸ ಬಿಟ್ಟ. ಐದು ವರ್ಷದ ನಂತರ ಅದೇ ಪ್ರೆಸ್ಸಿನಿಂದ ದೇವನಾಗರಿ ಲಿಪಿ ಪರಿಚಯಿಸುವ ಪುಸ್ತಕ ಹೊರಬಂತು. ಗಡಿಯಲ್ಲಿ ಬೋರ್ಡಿನ ಲಿಪಿಗಾಗಿ ಕಿತ್ತಾಡುವ ನಮ್ಮವರಿಗೆ ಇದು ಗೊತ್ತಿದ್ದರೆ ಚೆನ್ನ: ಲಿಪಿಗೆ ಮೊಳೆ ಎರಕ ಹೊಯ್ದವರ ಉದ್ದೇಶ ಆ ಭಾಷೆಯವರ ಅಭಿಮಾನ ಆಗಿರಲೇಬೇಕು ಅಂತೇನಿಲ್ಲ.

ಇಂಗ್ಲೆಂಡಿಗೆ ಹೋಗಬೇಕು ಅಂತ ಹೊರಟವನು ಜ್ವರ ಹಿಡಿದು ಊರಲ್ಲೇ ಉಳಿದ. 1768ರಲ್ಲಿ ಪಾರ್ಮಾದ ಡ್ಯೂಕ್ ಫರ್ಡಿನಾಂಡ್ ತನ್ನ ಅರಮನೆ ಪ್ರೆಸ್ ನಡೆಸಲು ಕರೆಸಿಕೊಂಡ. ಮುಂದಿನ 45 ವರ್ಷ ಅಲ್ಲೇ. ಮೊದಮೊದಲು ಫ್ರಾನ್ಸಿನ ಫೂರ್ನಿಯೆಯ ಅಕ್ಷರಗಳನ್ನು ತರಿಸಿಕೊಂಡು ಕೆಲಸ, ಆಮೇಲೆ ಅವನದೇ ಮಾದರಿಯ ನಕಲು, ಕೊನೆಗೆ ತನ್ನದೇ ಅಕ್ಷರ.

ಕೆಲಸ ಅಕ್ಕಸಾಲಿಯದ್ದು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೆತ್ತಬೇಕು, ಗಟ್ಟಿ ಮಾಡಬೇಕು, ತಾಮ್ರದ ತುಂಡಿಗೆ ಹೊಡೆದು ಗುಣಿ ಮಾಡಬೇಕು, ಅದಕ್ಕೆ ಸೀಸ ಬೆರೆತ ಲೋಹ ಹೊಯ್ದರೆ ಅಚ್ಚುಮೊಳೆ. ಕೂದಲೆಳೆಯ ಗೆರೆ ಮೂಡಬೇಕಾದರೆ ನುಣುಪು ಕಾಗದ, ಒಳ್ಳೆ ಮಸಿ, ಅಗಲ ಅಂಚು ಬೇಕು. ಅಂದರೆ ದುಡ್ಡು ಬೇಕು. ಬೊಡೋನಿಯ ಪುಸ್ತಕಗಳು ಓದೋದಕ್ಕಿಂತ ನೋಡೋದಕ್ಕೆ ಇದ್ದವು. ಅಚ್ಚಿನ ತಪ್ಪುಗಳೂ ಇದ್ದವು ಅಂತ ಪ್ರತಿಸ್ಪರ್ಧಿಗಳು ಆಡಿಕೊಂಡರು. ಅರಮನೆಗೆ ಅದು ಮುಖ್ಯ ಆಗಿರಲಿಲ್ಲ. ಡ್ಯೂಕ್ ಹೋಗಿ ನೆಪೋಲಿಯನ್ ಬಂದ, ಬೊಡೋನಿಗೆ ಅವನಿಂದಲೂ ಪಿಂಚಣಿ ಬಂತು. 1806ರಲ್ಲಿ ಒಂದೇ ಕ್ರೈಸ್ತ ಪ್ರಾರ್ಥನೆಯನ್ನು 155 ಭಾಷೆಗಳಲ್ಲಿ ಅಚ್ಚು ಹಾಕಿದ. ಯಾರು ಗದ್ದುಗೆ ಮೇಲಿದ್ದರೂ ಅವರಿಗೆ ಮೆರುಗು ಕೊಡೋ ಅಕ್ಷರ ಅವನದ್ದು. ಇದು ನನಗೆ ಅವನಲ್ಲಿ ಹಿಡಿಸದ ಸಂಗತಿ.

ಅಕ್ಷರ ಬೀದಿಗೆ ಬಂದಿದ್ದು ಬೇರೆಯವರಿಂದ. 1800ರ ದಶಕದಲ್ಲಿ ಲಂಡನ್ನಿನ ರಾಬರ್ಟ್ ಥಾರ್ನ್‌ನಂಥವರು ಈ ಜಾತಿಯ ಅಕ್ಷರದ ದಪ್ಪ ಗೆರೆಯನ್ನು ಹೊಟ್ಟೆ ಬರೋವಷ್ಟು ದಪ್ಪ ಮಾಡಿ ಪೋಸ್ಟರ್‌ಗೆ ಇಳಿಸಿದರು. 1929ರಲ್ಲಿ ಅಮೆರಿಕದ ಲೈನೋಟೈಪ್ ಕಂಪನಿ ಪೋಸ್ಟರ್ ಬೊಡೋನಿ ತಂತು. ದೊಡ್ಡದಾಗಿ, ನಾಲ್ಕು ಪದಕ್ಕೆ ಬಳಸಿದರೆ ಅದಕ್ಕೆ ಸಮ ಇಲ್ಲ. ಚಿಕ್ಕದಾಗಿ ಪ್ಯಾರಾ ಹೊಡೆದರೆ ಕಣ್ಣು ಕುಕ್ಕುತ್ತೆ. ಫ್ಲೆಕ್ಸ್ ಮೇಲೆ ತೆಳು ಬೊಡೋನಿ ಹಾಕಿದರೆ ದೂರದಿಂದ ಬರೀ ನಿಂತ ಕಂಬಗಳಷ್ಟೇ ಕಾಣ್ತವೆ. ನಾಮಫಲಕದಲ್ಲಿ 60% ಕನ್ನಡ ಇರಬೇಕು ಅನ್ನೋ ನಮ್ಮ ಕಾನೂನು ಜಾಗ ಅಳೆಯುತ್ತೆ, ಗೆರೆಯ ದಪ್ಪ ಅಳೆಯಲ್ಲ. ಹೋಗಲಿ ಬಿಡಿ, ಅದು ಇನ್ನೊಂದು ಲೇಖನ.

ಬೊಡೋನಿ ಸತ್ತಿದ್ದು 1813ರಲ್ಲಿ. ಬದುಕೆಲ್ಲ ಕೆತ್ತಿದ ಅಕ್ಷರಗಳ ಮಾದರಿ ಪುಸ್ತಕ ಇನ್ನೂ ಮುಗಿದಿರಲಿಲ್ಲ. ಅದನ್ನು 1818ರಲ್ಲಿ ಎರಡು ಸಂಪುಟವಾಗಿ ಹೊರತಂದವಳು ಹೆಂಡತಿ ಮಾರ್ಗರಿಟಾ ದಲ್ಲಾಲ್ಯೋ, ಜೊತೆಗೆ ಪ್ರೆಸ್ಸಿನ ಮೇಸ್ತ್ರಿ ಲುಯಿಜಿ ಓರ್ಸಿ. ಅದರ ಹಿಂದಿನ ವರ್ಷವಷ್ಟೇ ಸೆರಾಂಪುರದಲ್ಲಿ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿತ್ತು. ಬೊಡೋನಿ ಹೆಸರು ಇವತ್ತು ನಮ್ಮ ಫಾಂಟ್ ಪಟ್ಟಿಯಲ್ಲಿ ಇರೋದು ಕೈಚಳಕ ಒಂದರಿಂದಲೇ ಅಲ್ಲ, ಆ ಪುಸ್ತಕದಿಂದ ಕೂಡ. ಎರಕದ ಕೆಲಸದಲ್ಲಿ ಕೈಜೋಡಿಸಿದ ತಮ್ಮ ಜ್ಯುಸೆಪ್ಪೆ ಆ ಪಟ್ಟಿಯಲ್ಲಿಲ್ಲ, ಓರ್ಸಿಯೂ ಇಲ್ಲ.

2025ರ ಡಿಸೆಂಬರ್‌ನಲ್ಲಿ ಪ್ರಾಡಾ, ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಜೊತೆ ಒಪ್ಪಂದ ಮಾಡಿಕೊಂಡಿದೆ. ಇಲ್ಲಿ ತಯಾರಾದ ಚಪ್ಪಲಿ ಅಲ್ಲಿ ಮಾರೋದಕ್ಕೆ. ಬೆಲೆ, ತರಬೇತಿ ಎಲ್ಲದರ ಲೆಕ್ಕ ಮಾಧ್ಯಮಗಳಲ್ಲಿ ಬಂತು. ಅಟ್ಟೆಯ ಮೇಲೆ ಪ್ರಾಡಾ ಅಕ್ಷರದ ಪಕ್ಕ ಹೊಲಿದವರ ಹೆಸರು, ಊರು ಬರುತ್ತಾ ಅನ್ನೋದನ್ನು ಲಿಡ್ಕರ್‌ಗೆ ಕೇಳಬೇಕಾದವರು ನಾವು.