ಡಾ. ಬಾಬ್ ಸ್ಮಿತ್

ರಾಬರ್ಟ್ ಹಾಲ್‌ಬ್ರೂಕ್ ಸ್ಮಿತ್ (ಆಗಸ್ಟ್ 8, 1879 – ನವೆಂಬರ್ 16, 1950) ಅಮೆರಿಕದ ಶಸ್ತ್ರವೈದ್ಯರು. ಬಿಲ್ ವಿಲ್ಸನ್ ಅವರೊಡನೆ ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಎಂಬ ಮದ್ಯವ್ಯಸನಿಗಳ ಪರಸ್ಪರ ಸಹಾಯ ಸಂಘವನ್ನು ಸ್ಥಾಪಿಸಿದರು. ಡಾ. ಬಾಬ್ ಎಂಬ ಹೆಸರಿನಿಂದಲೇ ಇವರು ಪ್ರಸಿದ್ಧರು.

ಜನನ ಮತ್ತು ವಿದ್ಯಾಭ್ಯಾಸ

ಸ್ಮಿತ್ ಅವರು ವರ್ಮಾಂಟ್ ರಾಜ್ಯದ ಸೇಂಟ್ ಜಾನ್ಸ್‌ಬರಿ ಪಟ್ಟಣದಲ್ಲಿ ಜನಿಸಿದರು. ತಂದೆ ನ್ಯಾಯಾಧೀಶರು, ಮನೆಯಲ್ಲಿ ಕಟ್ಟುನಿಟ್ಟಿನ ಧಾರ್ಮಿಕ ಶಿಸ್ತಿತ್ತು. ಡಾರ್ಟ್‌ಮತ್ ಕಾಲೇಜಿನಲ್ಲಿ ಓದುವಾಗ ಆರಂಭವಾದ ಕುಡಿತವು ವೈದ್ಯಕೀಯ ಶಿಕ್ಷಣಕ್ಕೆ ಅಡ್ಡಿಯಾಯಿತು. ಮಿಚಿಗನ್ ವಿಶ್ವವಿದ್ಯಾಲಯವನ್ನು ಬಿಟ್ಟು ಶಿಕಾಗೋದ ರಶ್ ವೈದ್ಯಕೀಯ ಕಾಲೇಜನ್ನು ಸೇರಿದ ಅವರು 1910ರಲ್ಲಿ ಪದವಿ ಪಡೆದರು. ಅನಂತರ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ನೆಲೆಸಿ, 1915ರಲ್ಲಿ ಆ್ಯನ್ ರಿಪ್ಲಿ ಅವರನ್ನು ವಿವಾಹವಾದರು.

ವ್ಯಸನದ ವರ್ಷಗಳು

1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂದಾಗ ತಮ್ಮ ಚಟ ತಾನಾಗಿ ಬಿಡಬಹುದೆಂದು ಸ್ಮಿತ್ ನಂಬಿದ್ದರು. ಆದರೆ ಔಷಧದ ಹೆಸರಿನಲ್ಲಿ ಮದ್ಯ ಪಡೆಯಲು ವೈದ್ಯರಿಗೆ ಅವಕಾಶವಿತ್ತು. ಕಳ್ಳಸಾಗಣೆಯ ಮದ್ಯವೂ ಸುಲಭವಾಗಿ ದೊರೆಯುತ್ತಿತ್ತು. ಹಗಲು ಕೈನಡುಕವನ್ನು ಅಡಗಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡುವುದು, ರಾತ್ರಿ ಕುಡಿಯುವುದು, ಬಾಟಲಿಗಳನ್ನು ಮನೆಯವರ ಕಣ್ಣಿಗೆ ಬೀಳದಂತೆ ಬಚ್ಚಿಡುವುದು ದಿನಚರಿಯಾಯಿತು. ವೃತ್ತಿ ಕುಸಿಯಿತು, ಸಾಲ ಬೆಳೆಯಿತು.

1933ರಿಂದ ಅವರು ಪತ್ನಿಯೊಡನೆ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಸಭೆಗಳಿಗೆ ಹೋಗುತ್ತಿದ್ದರು. ಸುಮಾರು ಎರಡೂವರೆ ವರ್ಷ ಸಭೆಗಳಲ್ಲಿ ಕುಳಿತರೂ ಕುಡಿತ ನಿಲ್ಲಲಿಲ್ಲ. ಬಹುಕಾಲ ಅಲ್ಲಿ ತಮ್ಮ ವ್ಯಸನದ ವಿಷಯವನ್ನೇ ಅವರು ಬಾಯಿಬಿಟ್ಟು ಹೇಳಿರಲಿಲ್ಲ.

ವಿಲ್ಸನ್ ಭೇಟಿ

1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ವ್ಯಾಪಾರದ ನಿಮಿತ್ತ ಆಕ್ರನ್‌ಗೆ ಬಂದಿದ್ದರು. ಕೆಲವೇ ತಿಂಗಳ ಹಿಂದೆ ಕುಡಿತ ಬಿಟ್ಟಿದ್ದ ಅವರಿಗೆ ಆ ವ್ಯವಹಾರ ಸೋತಾಗ ಮತ್ತೆ ಕುಡಿಯುವ ಆಸೆ ಕಾಡಿತು. ಇನ್ನೊಬ್ಬ ವ್ಯಸನಿಯೊಡನೆ ಮಾತನಾಡಿದರೆ ತಾನು ಉಳಿಯಬಲ್ಲೆನೆಂದು ಭಾವಿಸಿ, ಹೋಟೆಲಿನಿಂದ ಒಬ್ಬ ಪಾದ್ರಿಗೆ ದೂರವಾಣಿ ಕರೆ ಮಾಡಿದರು. ಅಲ್ಲಿಂದ ದೊರೆತ ಹೆಸರುಗಳ ಮೂಲಕ ಆಕ್ಸ್‌ಫರ್ಡ್ ಗ್ರೂಪಿನ ಹೆನ್ರಿಯೆಟಾ ಸೈಬರ್‌ಲಿಂಗ್ ಅವರ ಪರಿಚಯವಾಯಿತು. ಅವರು ಸ್ಮಿತ್ ದಂಪತಿಗಳನ್ನು ತಮ್ಮ ಮನೆಗೆ ಕರೆದರು.

ಮೇ 12ರ ಸಂಜೆ ಸ್ಮಿತ್ ಹದಿನೈದು ನಿಮಿಷ ಮಾತ್ರ ಇರುವುದೆಂಬ ಷರತ್ತಿನೊಡನೆ ಬಂದರು. ಮಾತು ರಾತ್ರಿ ಹನ್ನೊಂದು ಗಂಟೆ ದಾಟಿತು. ವಿಲ್ಸನ್ ಉಪದೇಶಕ್ಕೆ ಕೈಹಾಕದೆ ತಮ್ಮ ಕುಡಿತದ ಕಥೆಯನ್ನು ಹೇಳಿಕೊಂಡದ್ದೇ ಇದಕ್ಕೆ ಕಾರಣ. ವ್ಯಸನವನ್ನು ಸ್ವತಃ ಅನುಭವಿಸಿದವನ ಮಾತಿಗೆ ಸ್ಮಿತ್ ಮೊದಲ ಬಾರಿ ಕಿವಿಗೊಟ್ಟರು.

ಅನಂತರವೂ ಒಮ್ಮೆ ಅವರು ಜಾರಿದರು. ವೈದ್ಯಕೀಯ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದಾಗ ಮಿತಿಮೀರಿ ಕುಡಿದರು. ಹಿಂದಿರುಗಿದ ಮೇಲೆ 1935ರ ಜೂನ್ 10ರಂದು ಕೊನೆಯ ಬಾರಿ ಕುಡಿದರು. ಆ ದಿನವನ್ನೇ ಎ.ಎ. ತನ್ನ ಸ್ಥಾಪನಾ ದಿನವೆಂದು ಆಚರಿಸುತ್ತದೆ.

ಸಂಘದ ಬೆಳವಣಿಗೆ

ಅದೇ ತಿಂಗಳ ಕೊನೆಯಲ್ಲಿ ಇಬ್ಬರೂ ಆಕ್ರನ್ ನಗರ ಆಸ್ಪತ್ರೆಯಲ್ಲಿದ್ದ ವಕೀಲ ಬಿಲ್ ಡಾಟ್ಸನ್ ಅವರನ್ನು ಕಂಡರು. ಅವರು ಮೂರನೆಯ ಸದಸ್ಯರಾದರು. 1939ರಲ್ಲಿ ಹೊರಬಂದ ಪುಸ್ತಕದಿಂದ ಸಂಘಕ್ಕೆ ಈಗಿನ ಹೆಸರೂ ಹನ್ನೆರಡು ಹೆಜ್ಜೆಗಳ ಕ್ರಮವೂ ಪ್ರಚಾರ ಪಡೆದವು. ಅದೇ ವರ್ಷದಿಂದ ಸ್ಮಿತ್ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಅವರ ನೆರವಿನಿಂದ ಸುಮಾರು 5,000 ವ್ಯಸನಿಗಳಿಗೆ ಶುಲ್ಕವಿಲ್ಲದೆ ಚಿಕಿತ್ಸೆ ನೀಡಿದರು. ಕುಡಿತವನ್ನು ಹಠಾತ್ತನೆ ನಿಲ್ಲಿಸಿದಾಗ ಮೂರ್ಛೆ, ಭ್ರಮೆ ಮುಂತಾದ ಪ್ರಾಣಾಪಾಯದ ತೊಂದರೆಗಳು ಬರಬಹುದು. ಆದುದರಿಂದ ಮೊದಲು ಆಸ್ಪತ್ರೆ, ಅನಂತರ ಸಭೆ ಎಂಬುದು ಅವರ ಪದ್ಧತಿಯಾಗಿತ್ತು.

ಕೊನೆಯ ದಿನಗಳು

ಪತ್ನಿ ಆ್ಯನ್ 1949ರಲ್ಲಿ ತೀರಿಕೊಂಡರು. ಕ್ಯಾನ್ಸರಿನಿಂದ ಬಳಲುತ್ತಿದ್ದರೂ ಸ್ಮಿತ್ 1950ರ ಜುಲೈನಲ್ಲಿ ಕ್ಲೀವ್‌ಲೆಂಡಿನ ಮೊದಲ ಅಂತರರಾಷ್ಟ್ರೀಯ ಸಮಾವೇಶದಲ್ಲಿ ಸಂಕ್ಷಿಪ್ತವಾಗಿ ಮಾತನಾಡಿದರು. ಅದೇ ವರ್ಷ ನವೆಂಬರಿನಲ್ಲಿ ನಿಧನರಾದರು. ಆಕ್ರನ್‌ನಲ್ಲಿರುವ ಅವರ ಮನೆ ಈಗ ರಾಷ್ಟ್ರೀಯ ಸ್ಮಾರಕವಾಗಿದೆ.

ಕರ್ನಾಟಕದಲ್ಲಿ ಪ್ರಸ್ತುತತೆ

ಎ.ಎ. ಭಾರತಕ್ಕೆ 1950ರ ದಶಕದ ಕೊನೆಯಲ್ಲಿ ಬಂದಿತು. ಸದಸ್ಯತ್ವಕ್ಕೆ ಶುಲ್ಕವಿಲ್ಲ, ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ. ಮುಕ್ತ ಸಭೆಗೆ ಮನೆಯವರೂ ಬರಬಹುದು, ಮುಚ್ಚಿದ ಸಭೆ ವ್ಯಸನಿಗಳಿಗೆ ಮಾತ್ರ. ಮೊದಲ ಸಲ ಬಂದವರು ಮಾತನಾಡದೆ ಕೇಳುತ್ತ ಕುಳಿತಿರಬಹುದು.

ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರುಗಳಲ್ಲಿ ಹೆಸರು ಬಯಲಾಗುವ ಅಂಜಿಕೆಯೇ ಮೊದಲ ಸಭೆಗೆ ದೊಡ್ಡ ಅಡ್ಡಿ. ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರದಂತಹ ತಾಲ್ಲೂಕಿನವರಿಗೆ ನಗರದ ಸಭೆ ಈ ಅಂಜಿಕೆಯನ್ನು ಕಡಿಮೆ ಮಾಡಬಲ್ಲದು. ಆದರೆ ಪ್ರಯಾಣದ ವೆಚ್ಚ, ಸಂಜೆಯ ಹೊತ್ತು ಮರಳುವ ಬಸ್ಸು, ಸಭೆಯ ಭಾಷೆ ಕನ್ನಡವೋ ಮರಾಠಿಯೋ ಎಂಬುದನ್ನು ಮೊದಲೇ ವಿಚಾರಿಸಬೇಕಾಗುತ್ತದೆ. ಸಮೀಪದ ಸಭೆಯ ಸ್ಥಳ ಮತ್ತು ಸಮಯವನ್ನು ಸಂಘದ ದೂರವಾಣಿಯಲ್ಲಿ ತಿಳಿಯಬಹುದು.

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳ ನಂತರ ಶಿಬಿರಾರ್ಥಿಗಳು ಸೇರುವ ನವಜೀವನ ಸಮಿತಿಗಳೂ ಪರಸ್ಪರ ಬೆಂಬಲದ ತತ್ತ್ವವನ್ನೇ ಅನುಸರಿಸುತ್ತವೆ. ವ್ಯಸನಮುಕ್ತಿಗಾಗಿ ಸರ್ಕಾರದ ರಾಷ್ಟ್ರೀಯ ಉಚಿತ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416.