ನರಭಕ್ಷಕನ ಬೇಟೆಗೆ ಒಬ್ಬರೇ ಹೋಗ್ತಿದ್ದ ಕಾರ್ಬೆಟ್

ಜಿಮ್ ಕಾರ್ಬೆಟ್ ಹುಟ್ಟಿದ್ದು 1875ರಲ್ಲಿ, ನೈನಿತಾಲ್‌ನಲ್ಲಿ. ಇಪ್ಪತ್ತು ವರ್ಷ ಬಿಹಾರದ ಮೊಕಾಮೆ ಘಾಟ್‌ನಲ್ಲಿ ರೈಲ್ವೆ ಸರಕು ಸಾಗಿಸುವ ಕೆಲಸ ನೋಡಿಕೊಂಡರು. ಕುಮಾವೂನಿನಲ್ಲಿ ನರಭಕ್ಷಕನ ಕಾಟ ಅಂತ ಕರೆ ಬಂದರೆ ಬಂದೂಕು ಹಿಡಿದು ಹೊರಡೋರು. ಕಾಡಿಗಿಳಿದ ಮೇಲೆ ಆದಷ್ಟೂ ಒಬ್ಬರೇ.

ಇದು ಧೈರ್ಯದ ಜಂಬ ಅಲ್ಲ, ಲೆಕ್ಕಾಚಾರ. ಜೊತೆಗಿರೋನು ಬರಿಗೈಲಿದ್ದರೆ ಅವನನ್ನು ಕಾಯೋದು ಕಷ್ಟ. ಅವನ ಕೈಲೂ ಬಂದೂಕಿದ್ದರೆ ತನ್ನನ್ನು ಕಾಪಾಡಿಕೊಳ್ಳೋದು ಇನ್ನೂ ಕಷ್ಟ! ಜಿಂಕೆ, ಮುಸುವಗಳ ಕೂಗು ಕೇಳಿಯೇ ಹುಲಿ ಎಲ್ಲಿದೆ ಅಂತ ತಿಳೀಬೇಕು; ಪಕ್ಕದವನ ಹೆಜ್ಜೆ ಸಪ್ಪಳದಲ್ಲಿ ಅದೆಲ್ಲ ಮುಚ್ಚಿಹೋಗುತ್ತೆ.

ಹಾಗಂತ ಹಟ ಇರಲಿಲ್ಲ ಬಿಡಿ. 436 ಜನರನ್ನು ಕೊಂದಿತ್ತೆಂದು ಹೇಳುವ ಚಂಪಾವತ್‌ನ ಹೆಣ್ಣುಹುಲಿಯನ್ನು 1907ರಲ್ಲಿ ಕಣಿವೆಯಿಂದ ಎಬ್ಬಿಸೋಕೆ ಸುಮಾರು 300 ಹಳ್ಳಿಗರು ಬೇಕಾದರು. ರುದ್ರಪ್ರಯಾಗದ ಚಿರತೆ ಬೆನ್ನು ಹತ್ತಿದಾಗಲೂ ಗೆಳೆಯ ಇಬ್ಬಟ್ಸನ್ ಬಹಳ ದಿನ ಜೊತೆಗಿದ್ದರು.

ಆದರೆ 1926ರ ಮೇ ತಿಂಗಳ ಆ ರಾತ್ರಿ ಯಾತ್ರಿಕರ ದಾರಿ ಬದಿಯ ಮಾವಿನ ಮರದಲ್ಲಿ ಕೂತಿದ್ದವರು ಕಾರ್ಬೆಟ್ ಒಬ್ಬರೇ. ಕೆಳಗೆ ಕಟ್ಟಿದ್ದ ಆಡಿನ ಕೊರಳ ಗಂಟೆ ಜೋರಾಗಿ ಅಲುಗಿತು. ಟಾರ್ಚ್ ಹಾಕಿ ಗುಂಡು ಹೊಡೆದರು, ಟಾರ್ಚೂ ಕೈಕೊಟ್ಟಿತು. 125 ಜನರನ್ನು ತಿಂದ ಚಿರತೆ ಸತ್ತಿತೋ ಇಲ್ಲವೋ ತಿಳಿಯದೆ ಬೆಳಗಾಗುವವರೆಗೆ ಮರದಲ್ಲೇ ಕಾದರು.